ನೆನಪಿನ ಕೆರೆಗೆ ಈಗಲೇ ಏರಿ ಹಾಕು

ಮಗಾ, ನೀನು ಬೆಂಗಳೂರಿನಿಂದ ಅಜ್ಜಿಗೆಂದು ಕಳಿಸಿದ ಮಾತ್ರೆ ಡಬ್ಬಿ ಹೋದ ವಾರ ಹೊಳಲ್ಕೆರೆಗೆ ಬಂತು. ಮೇಲೆ ‘ಪ್ಲಾಸ್ಮಾಲೋಜೆನ್’ ಎಂದು ಬರೆದಿದೆ. ಅಜ್ಜಿಯ ಮರೆವು ಕಂಡು ನಿನ್ನ ಕರುಳು ಚುರುಕ್ ಎಂದಿದೆ, ಅದಕ್ಕೇ ಇಷ್ಟು ದುಡ್ಡು ಸುರಿದಿದ್ದೀಯ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೂರೂ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನು ನಾನು. ಗೊತ್ತಿಲ್ಲದ ಪದ ಕಂಡರೆ ಈಗಲೂ ಸುಮ್ಮನಿರಲಾರೆ. ಓದಿದೆ, ಡಾಕ್ಟರನ್ನೂ ಕೇಳಿದೆ. ತಿಳಿದದ್ದನ್ನು ನಿನಗೂ ನಿನ್ನ ಓರಗೆಯವರಿಗೂ ಹೇಳುತ್ತೇನೆ, ಕಿವಿಗೊಡು.

ಪ್ಲಾಸ್ಮಾಲೋಜೆನ್ ನಮ್ಮೆಲ್ಲರ ಮೈಯಲ್ಲೇ ಇರುವ ಒಂದು ಬಗೆಯ ಕೊಬ್ಬು. 1924ರಲ್ಲಿ ಜರ್ಮನಿಯ ಫಾಯ್ಲ್‌ಗೆನ್ ಮತ್ತು ಫೋಯ್ಟ್ ಅದನ್ನು ಮೊದಲು ಗುರುತಿಸಿದರು. ಜೀವಕೋಶಗಳ ಪೊರೆ ಕಟ್ಟುವ ಫಾಸ್ಫೊಲಿಪಿಡ್‌ಗಳಲ್ಲಿ ಸುಮಾರು ಐದರಲ್ಲೊಂದು ಪಾಲು ಇದೇ. ಮೆದುಳು, ಹೃದಯಗಳಲ್ಲಿ ಇದು ಹೆಚ್ಚು. ನಮ್ಮ ತೋಟದ ಮೋಟಾರಿಗೆ ಹೋಗುವ ಕೇಬಲ್ ನೋಡಿದ್ದೀಯಲ್ಲ, ತಂತಿಯ ಮೇಲೆ ಹೊದಿಕೆ ಇರುತ್ತದೆ. ನರತಂತುಗಳಿಗೂ ಮಯಲಿನ್ ಎಂಬ ಅಂಥದೇ ಹೊದಿಕೆ ಇದೆ, ಅದರಲ್ಲಿ ಪ್ಲಾಸ್ಮಾಲೋಜೆನ್ ಸಮೃದ್ಧವಾಗಿದೆ. ಅದರ ರಚನೆಯಲ್ಲಿ ಒಂದು ಕೊಂಡಿ ಬಹಳ ಸೂಕ್ಷ್ಮ. ಉಸಿರಾಡುವ ಆಮ್ಲಜನಕದಿಂದಲೇ ಹುಟ್ಟುವ ಹಾನಿಕಾರಕ ಕಣಗಳ ಪೆಟ್ಟನ್ನು ಆ ಕೊಂಡಿ ಮೊದಲು ತಾನು ತಿಂದು, ಪಕ್ಕದ ಕೊಬ್ಬನ್ನು ಕಾಯುತ್ತದೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ.

ವಯಸ್ಸಾದಂತೆ ಇದು ಕಡಿಮೆಯಾಗುತ್ತದೆ. ಅಲ್ಝೈಮರ್ ಕಾಯಿಲೆಯವರ ಮೆದುಳಿನಲ್ಲಿ ಇನ್ನೂ ಕಡಿಮೆ ಇರುವುದು 1990ರ ದಶಕದಿಂದೀಚೆಗೆ ಮತ್ತೆ ಮತ್ತೆ ಕಂಡುಬಂದಿದೆ. ಆದರೆ ಅದು ಕಡಿಮೆಯಾದದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಬಂದದ್ದರಿಂದ ಅದು ಕಡಿಮೆಯಾಯಿತೋ, ಇನ್ನೂ ತೀರ್ಮಾನವಾಗಿಲ್ಲ. ಜಪಾನಿನಲ್ಲಿ ಮರೆವು ಶುರುವಾದ 328 ಜನರನ್ನು ಸೇರಿಸಿಕೊಂಡು ಒಂದು ಪರೀಕ್ಷೆ ಮಾಡಿದರು. ಕಡಲ ಚಿಪ್ಪುಜೀವಿಯಿಂದ ತೆಗೆದ ಪ್ಲಾಸ್ಮಾಲೋಜೆನ್ನನ್ನು ಅರ್ಧ ಮಂದಿಗೆ ದಿನಕ್ಕೆ 1 ಮಿಲಿಗ್ರಾಂನಂತೆ 24 ವಾರ ಕೊಟ್ಟರು, ಉಳಿದವರಿಗೆ ಬರೀ ತೋರಿಕೆಯ ಮಾತ್ರೆ. 2017ರಲ್ಲಿ ಫಲಿತಾಂಶ ಬಂತು. ಕಾಯಿಲೆ ಸೌಮ್ಯವಾಗಿದ್ದ ಕೆಲವರಲ್ಲಿ ತುಸು ಸುಧಾರಣೆಯ ಸುಳಿವು ಸಿಕ್ಕಿತಾದರೂ, ಒಟ್ಟಾರೆ ಎರಡೂ ಗುಂಪಿನ ನಡುವೆ ನೆನಪಿನ ಮುಖ್ಯ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಂಶೋಧನೆ ನಡೆಯಲಿ, ನಾಳೆ ಒಳ್ಳೆಯ ಸುದ್ದಿ ಬರಲಿ. ಇವತ್ತಿನ ಮಟ್ಟಿಗೆ ಡಬ್ಬಿಯೊಳಗೆ ನೆನಪು ಸಿಗುವುದಿಲ್ಲ. ಇನ್ನೊಂದು ಮಾತು: ಇದು ಕೋಳಿ, ಕುರಿ, ಮೀನಿನಲ್ಲಿದೆ, ಸೊಪ್ಪು ಕಾಳಿನಲ್ಲಿಲ್ಲ. ಹಾಗಂತ ಸಸ್ಯಾಹಾರಿಗಳು ಹೆದರಬೇಕಿಲ್ಲ, ದೇಹ ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಅಜ್ಜಿಯ ಮರೆವು ನನಗೆ ಮೊದಲು ತಿಳಿದದ್ದು ಒಂದು ಸಂಜೆ, ಅಡುಗೆಮನೆಯಲ್ಲಿ. ಎಸರು ಕುದಿದಿತ್ತು, ರಾಗಿ ಹಿಟ್ಟು ಸುರಿದಾಗಿತ್ತು. ಐವತ್ತು ವರ್ಷ ಮುದ್ದೆ ತಿರುವಿದವಳು ಕೋಲು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. “ಇದನ್ನ ಏನ್ ಮಾಡ್ಬೇಕು?” ಅಂತ ನನ್ನ ಮುಖ ನೋಡಿದಳು. ತಳ ಸೀದ ವಾಸನೆ ಬಂತು. ನಾನು ಕೋಲು ತಗೊಂಡೆ, ನನಗೆ ತಿರುವಲು ಬರಲಿಲ್ಲ. ಆಗ ಅವಳ ಕೈ ತಾನಾಗಿ ಬಂದು ಕೋಲು ಹಿಡಿಯಿತು, ಎರಡು ಸುತ್ತು ತಿರುವಿತು, ಮತ್ತೆ ನಿಂತುಬಿಟ್ಟಿತು.

ಆ ರಾತ್ರಿ ನನಗೆ ಹಳೆಯದೆಲ್ಲ ನೆನಪಾಯಿತು. ಅವಳಿಗೆ ನಲವತ್ತೈದಕ್ಕೇ ಬಿಪಿ ಇತ್ತು. ತಲೆನೋವು ಹೋಯಿತೆಂದು ಮಾತ್ರೆ ಬಿಟ್ಟಳು, ನಾನು ವಿಚಾರಿಸಲಿಲ್ಲ. ಆಮೇಲೆ ಕಿವಿ ಮಂದವಾಯಿತು, ವಯಸ್ಸು ಅಂದುಕೊಂಡೆ. ಮನೆಗೆ ಬಂದವರು ನನ್ನ ಹತ್ತಿರ ಮಾತಾಡಿ ಎದ್ದು ಹೋಗುತ್ತಿದ್ದರು, ಅವಳು ಗೋಡೆಗೊರಗಿ ಕೂತಿರುತ್ತಿದ್ದಳು. ಸಾವಿರಾರು ಮಕ್ಕಳಿಗೆ ರಕ್ತನಾಳದ ಪಾಠ ಮಾಡಿದವನು ಮನೆಯೊಳಗಿನ ರಕ್ತನಾಳ ನೋಡಲಿಲ್ಲ. ಈ ತಪ್ಪು ನಿನ್ನಿಂದ ಆಗಬಾರದು.

ಮಾರಿಕಣಿವೆ ನೆನಪಿಸಿಕೋ. ಅಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟು ಕಾಲವೂ ಈ ಸೀಮೆಯ ತೆಂಗು, ಅಡಿಕೆ, ಕುಡಿಯುವ ನೀರಿಗೆ ಅದು ಆಸರೆಯಾದದ್ದು ಏರಿ ಗಟ್ಟಿಯಿದ್ದು, ಬಂದಷ್ಟು ನೀರು ನಿಂತದ್ದರಿಂದ. ಮೆದುಳೂ ಹಾಗೆಯೇ. ಓದು, ದುಡಿಮೆ, ನಾಲ್ಕು ಜನರ ಒಡನಾಟ, ಆರೋಗ್ಯವಂತ ರಕ್ತನಾಳ, ಇವೇ ಅದರ ಏರಿ. ಮುಪ್ಪಿನಲ್ಲಿ ಹಾಕುತ್ತೇನೆಂದರೆ ಬಾಯಾರಿದಾಗ ಬಾವಿ ತೋಡಿದಂತೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಜನ ಇಂಥ ಮರೆವಿನ ಕಾಯಿಲೆಯಲ್ಲಿದ್ದಾರೆ ಎಂಬುದು 2023ರಲ್ಲಿ ಪ್ರಕಟವಾದ ಅಂದಾಜು. ಜಗತ್ತಿನ ತಜ್ಞರನ್ನು ಸೇರಿಸಿ ಲ್ಯಾನ್ಸೆಟ್ ಪತ್ರಿಕೆ ರಚಿಸಿದ ಆಯೋಗ 2024ರಲ್ಲಿ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನು ಸರಿಪಡಿಸಿದರೆ ಸುಮಾರು ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು. ಬಿಪಿ, ಸಕ್ಕರೆ ಕಾಯಿಲೆ, ಕಿವುಡು, ಕಣ್ಣಿನ ಮಂದ, ಬೀಡಿ ಸಿಗರೇಟು, ಕುಡಿತ, ತಲೆಗೆ ಪೆಟ್ಟು, ಮೈಗಳ್ಳತನ, ಒಂಟಿತನ, ಖಿನ್ನತೆ ಎಲ್ಲವೂ ಅದರಲ್ಲಿವೆ. ನಮ್ಮ ಕೋಲಾರದ ಶ್ರೀನಿವಾಸಪುರದಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹಳ್ಳಿ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಿದ್ದಾರೆ. ಮುಪ್ಪಿನ ಮರೆವನ್ನು ತಿಳಿಯಲು ನಡುವಯಸ್ಸಿನಿಂದಲೇ ನೋಡಬೇಕು ಎಂಬುದು ಅವರಿಗೆ ಗೊತ್ತು.

ಆದ್ದರಿಂದ ನಿನಗೆ ನನ್ನ ಮಾತು ಇಷ್ಟು. ಮೂವತ್ತು ಮುಟ್ಟಿದ್ದೀಯ, ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ ನೋಡಿಸು. ಡಾಕ್ಟರು ಕೊಟ್ಟ ಮಾತ್ರೆಯನ್ನು ಚೆನ್ನಾಗಿದ್ದೇನೆ ಎಂದು ನಿನ್ನಷ್ಟಕ್ಕೆ ನೀನೇ ಬಿಡಬೇಡ. ದಿನಾ ಬೆವರು ಬರುವಷ್ಟು ನಡೆ. ರಾತ್ರಿ ನಿದ್ದೆಯನ್ನು ಮೊಬೈಲಿಗೆ ಮಾರಬೇಡ. ಕಿವಿಗೆ ಇಯರ್‌ಫೋನ್ ತುರುಕಿ ಸದ್ದು ಏರಿಸಬೇಡ. ಚಿತ್ರದುರ್ಗದ ಹೈವೇಯಲ್ಲಿ ಬೈಕ್ ಓಡಿಸುವಾಗ ಹೆಲ್ಮೆಟ್ ತೆಗೆಯಬೇಡ. ಅಡಿಕೆ ಮಾರಿ ನಿನ್ನ ಅಪ್ಪನನ್ನು ಓದಿಸಿದವನೇ ಹೇಳುತ್ತಿದ್ದೇನೆ, ಗುಟ್ಕಾ ಬಾಯಿಗೆ ಹಾಕಬೇಡ. ಮನೆಯ ಹಿರಿಯರು ಹೇಳಿದ್ದನ್ನೇ ಹೇಳತೊಡಗಿದರೆ, ಬಂದ ದಾರಿ ತಪ್ಪಿದರೆ ‘ವಯಸ್ಸಾಯ್ತು’ ಎಂದು ಕೈಬಿಡಬೇಡ. ಬಿ12 ಕೊರತೆಯಿಂದಲೂ ಥೈರಾಯ್ಡಿನಿಂದಲೂ ಮರೆವು ಬರುತ್ತದೆ, ಅದಕ್ಕೆ ಮದ್ದಿದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಮೆದುಳಿನ ಆರೋಗ್ಯಕ್ಕೆಂದೇ ಕಾರ್ಯಕ್ರಮ ಶುರುಮಾಡಿವೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸು.

ಮುಂದಿನ ಡಬ್ಬಿಯ ದುಡ್ಡಿನಲ್ಲಿ ಬಸ್ಸು ಹತ್ತಿ ಬಾ ಮಗಾ. ಅಜ್ಜಿಗೆ ಕಿವಿಯ ಮೆಷಿನ್ ಹಾಕಿಸಿದ್ದೇನೆ, ನಿನ್ನ ದನಿ ಈಗ ಅವಳಿಗೆ ಕೇಳಿಸುತ್ತದೆ. ಪಕ್ಕದಲ್ಲಿ ಕೂತು ಮಾತಾಡು. ಬರುವ ಮೊದಲು ಒಂದು ಸಲ ನಿನ್ನ ಬಿಪಿ ನೋಡಿಸಿ, ಎಷ್ಟಿದೆ ಅಂತ ನನಗೆ ಫೋನಿನಲ್ಲಿ ಹೇಳು.