ನಡೆಸಿದ್ದು ಸಾಕು, ನಡೆಸುವವರನ್ನು ಬೆಳೆಸಿ

ಹಾಸ್ಟೆಲ್, ಶಾಲೆ, ಹಳ್ಳಿ ಸಭೆಗಳು ಎಂದು ದಶಕಗಟ್ಟಲೆ ಸೇವೆ ನಡೆಸಿದ ಮಿಷನರಿ ದಂಪತಿಗೆ ಅರವತ್ತು ದಾಟುತ್ತಲೇ ‘ಮುಂದೇನು’ ಎಂಬ ಪ್ರಶ್ನೆ ಎದುರಾಗುತ್ತದೆ. ಕೆಲವರು ಕೈಲಾಗುವವರೆಗೂ ಕುರ್ಚಿ ಬಿಡುವುದಿಲ್ಲ. ಕೆಲವರು ಬೀಳ್ಕೊಡುಗೆಯ ಶಾಲು ಹೊದ್ದು ಮರುದಿನವೇ ಊರು ಬಿಡುತ್ತಾರೆ. ಎರಡರಲ್ಲೂ ಪೆಟ್ಟು ಬೀಳುವುದು ಸಂಸ್ಥೆಗೇ. ಆಡಳಿತವನ್ನು ಪೂರ್ತಿ ಬಿಟ್ಟುಕೊಟ್ಟು ಕಿರಿಯರಿಗೆ ಮಾರ್ಗದರ್ಶಕರಾಗುವುದು ಮೂರನೆಯ ದಾರಿ. ಅದಕ್ಕೆ ಒಂದೆರಡು ವರ್ಷದ ತಯಾರಿ ಬೇಕು.

ಆಲೋಚನೆ ಹೊಸದಲ್ಲ. ಚರ್ಚ್ ಮಿಷನರಿ ಸೊಸೈಟಿಗೆ 1841ರಿಂದ 1872ರವರೆಗೆ ಕಾರ್ಯದರ್ಶಿಯಾಗಿದ್ದ ಹೆನ್ರಿ ವೆನ್, ಆಡಳಿತ, ಖರ್ಚು, ಪ್ರಸಾರ ಮೂರನ್ನೂ ಸ್ಥಳೀಯ ಸಭೆಯೇ ನೋಡಿಕೊಳ್ಳುವಂತೆ ಮಾಡಿ ಮಿಷನರಿ ಮುಂದೆ ಸಾಗಬೇಕು ಎಂದು ವಾದಿಸಿದ್ದರು. ತಾನಾಗಿ ಬಿಡುವ ಮೊದಲೇ ಬಿಡಬೇಕಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಉದಾಹರಣೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಶಾಲೆ, ಮುದ್ರಣಾಲಯ, ಹಂಚಿನ ಕಾರ್ಖಾನೆಗಳನ್ನು ಕಟ್ಟಿ ಬೆಳೆಸಿತ್ತು. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಅದರ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಕಳಿಸಿತು. ಸಾವಕಾಶವಾಗಿ ಜವಾಬ್ದಾರಿ ವಹಿಸಿಕೊಡಲು ಅವರಿಗೆ ಅವಕಾಶ ಸಿಗಲಿಲ್ಲ. ನಿಮಗೆ ಆ ಅವಕಾಶ ಇದೆ.

1. ಇಬ್ಬರ ಕೆಲಸವನ್ನೂ ಬರೆದಿಡಿ

ಒಂದು ತಿಂಗಳು ದಂಪತಿ ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ ದಿನದ ಕೆಲಸ ಬರೆಯಿರಿ. ಅಯ್ಯನವರ ಪುಟದಲ್ಲಿ ಚೆಕ್ಕು, ಸಮಿತಿ ಸಭೆ, ಶಿಕ್ಷಣ ಇಲಾಖೆಯ ಓಡಾಟ ಇರುತ್ತದೆ. ಅಮ್ಮನವರ ಪುಟ ಹೀಗಿದ್ದೀತು: ‘ಬೇಳೆ ತೀರಿದೆ, ಹಳೇ ಬಾಕಿ ವಾರದೊಳಗೆ ಕೊಡುವುದಾಗಿ ಹೇಳಿ ಅಂಗಡಿಯಿಂದ ತರಿಸಿದೆ. ಎಂಟನೇ ತರಗತಿಯ ಹುಡುಗಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಅವಳ ತಾಯಿಗೆ ಫೋನು.’ ಈ ಕೆಲಸಕ್ಕೆ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ. ಅದಕ್ಕೇ ಹಸ್ತಾಂತರದ ಪಟ್ಟಿಯಲ್ಲಿ ಅದು ಬಿಟ್ಟುಹೋಗುತ್ತದೆ. ದಂಪತಿ ಹೊರಟ ಮೇಲೆ ಹಾಸ್ಟೆಲ್ ಸೊರಗುತ್ತದೆ.

2. ಮೊದಲು ಮನೆ, ಆಮೇಲೆ ಹುದ್ದೆ

ಕುರ್ಚಿ ಬಿಡದಿರಲು ಎಷ್ಟೋ ಸಲ ಕಾರಣ ಅಧಿಕಾರದಾಸೆಯಲ್ಲ, ಭಯ. ಮಿಷನ್ ಕಾಂಪೌಂಡಿನ ಮನೆ ಬಿಟ್ಟರೆ ಸ್ವಂತ ಸೂರಿಲ್ಲ, ಪಿಂಚಣಿಯಿಲ್ಲ. ವಾಸ, ತಿಂಗಳ ಖರ್ಚು, ವೈದ್ಯಕೀಯ ವಿಮೆ ಇವುಗಳ ಬಗ್ಗೆ ಸಮಿತಿಯಲ್ಲಿ ಬಿಚ್ಚುಮನಸ್ಸಿನಿಂದ ಮಾತಾಡಿ, ನಿರ್ಣಯವನ್ನು ಲಿಖಿತವಾಗಿ ಪಡೆಯಿರಿ. ಸಾಧ್ಯವಾದರೆ ಕಾಂಪೌಂಡಿನ ಹೊರಗೆ ಮನೆ ಮಾಡಿ. ಒಳಗೇ ಇದ್ದರೆ ಸಿಬ್ಬಂದಿ ದೂರು ಹೊತ್ತು ಹಿತ್ತಲ ಬಾಗಿಲಿಗೆ ಬರುವುದು ತಪ್ಪದು.

3. ಆಯ್ಕೆಯನ್ನು ಸಮಿತಿಗೆ ಬಿಡಿ

ಮಗ, ಅಳಿಯ ಎಂಬ ಕಾರಣಕ್ಕೆ ಯಾರನ್ನೂ ಮುಂದೆ ತರಬೇಡಿ. ಒಬ್ಬರ ತಲೆಗೇ ಎಲ್ಲವನ್ನೂ ಕಟ್ಟದೆ ಲೆಕ್ಕ, ಹಾಸ್ಟೆಲ್, ಸಭಾಸೇವೆಗಳನ್ನು ಎರಡು ಮೂರು ಮಂದಿಗೆ ಹಂಚಿ. ಹೊಸದಾಗಿ ಬರುವವರ ಹೆಂಡತಿ ಬಿಟ್ಟಿಯಾಗಿ ದುಡಿಯುತ್ತಾರೆಂದು ಲೆಕ್ಕ ಹಾಕಲೇಬೇಡಿ. ಆ ಕೆಲಸಕ್ಕೆ ಸಂಬಳ ಗೊತ್ತುಮಾಡಿ.

4. ನಾಲ್ಕು ಹಂತದಲ್ಲಿ ಕಲಿಸಿ

ಮೊದಲು ನೀವು ಮಾಡಿ, ಅವರು ನೋಡಲಿ. ಆಮೇಲೆ ಜೊತೆಯಲ್ಲಿ ಮಾಡಿ. ಮೂರನೆಯದಾಗಿ ಅವರು ಮಾಡಲಿ, ನೀವು ನೋಡಿ. ಕೊನೆಗೆ ನೀವು ಅಲ್ಲಿರಲೇಬೇಡಿ. ವಾರ್ಷಿಕ ಬಜೆಟ್ಟು, ಆಡಿಟ್ಟು, ಶಾಲಾ ಪ್ರವೇಶ ಎಲ್ಲಕ್ಕೂ ಈ ಕ್ರಮ ಹೊಂದುತ್ತದೆ. ಕಷ್ಟವಾದದ್ದು ಮೂರನೆಯ ಹಂತ. ಅವರು ನಿಮ್ಮಂತೆ ಮಾಡುವುದಿಲ್ಲ. ಸಂಸ್ಥೆಗೆ ಹಾನಿಯಾಗದಿದ್ದರೆ ಬಾಯಿ ಹಾಕಬೇಡಿ.

5. ಕಾಗದಪತ್ರ ಮುಗಿಸಿ

* ಬ್ಯಾಂಕ್ ಸಹಿದಾರರ ಬದಲಾವಣೆಗೆ ಸಮಿತಿಯ ನಿರ್ಣಯದ ಪ್ರತಿ ಸಲ್ಲಿಸಿ.
* ಸಂಘವಾಗಿ ನೋಂದಣಿಯಾಗಿದ್ದರೆ ಹೊಸ ಆಡಳಿತ ಮಂಡಳಿಯ ಪಟ್ಟಿಯನ್ನು ಸಂಘಗಳ ನೋಂದಣಾಧಿಕಾರಿಗೆ ಕೊಡಿ. ಟ್ರಸ್ಟ್ ಆಗಿದ್ದರೆ ಟ್ರಸ್ಟ್ ಡೀಡ್ ಏನು ಹೇಳುತ್ತದೆಂದು ನೋಡಿ.
* ವಿದೇಶಿ ದೇಣಿಗೆ ಪಡೆಯುವ ಎಫ್‌ಸಿಆರ್‌ಎ ನೋಂದಣಿ ಇದ್ದರೆ ಪದಾಧಿಕಾರಿಗಳ ಬದಲಾವಣೆಯನ್ನು ಎಫ್‌ಸಿ-6ಇ ನಮೂನೆಯಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ತಿಳಿಸಿ. ಎಸ್‌ಬಿಐ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೂ ಸಹಿ ಬದಲಿಸಿ. ಗಡುವುಗಳನ್ನು ಆಡಿಟರ್ ಬಳಿ ಕೇಳಿಕೊಳ್ಳಿ.
* ಓಟಿಪಿ ಬರುವ ಮೊಬೈಲ್ ನಂಬರ್ ಬದಲಿಸಿ. ಪ್ರತಿ ಪಾವತಿಗೂ ಹಳೇ ಅಯ್ಯನವರಿಗೆ ಫೋನು ಮಾಡಬೇಕಾಗಿದ್ದರೆ ಹಸ್ತಾಂತರ ಆಗಿಲ್ಲವೆಂದೇ ಅರ್ಥ.

ದಾನಿಗಳನ್ನು ಹೊಸಬರಿಗೆ ಖುದ್ದಾಗಿ ಪರಿಚಯಿಸಿ. ಆಮೇಲೆ ಅವರು ನಿಮಗೇ ಫೋನು ಮಾಡಿದರೂ ಹೊಸಬರ ನಂಬರ್ ಕೊಡಿ.

6. ಮಾರ್ಗದರ್ಶನಕ್ಕೆ ಚೌಕಟ್ಟು ಹಾಕಿ

ಇಬ್ಬರು ಮೂವರು ಕಿರಿಯರು, ಅಥವಾ ಒಂದೆರಡು ಕಿರಿಯ ದಂಪತಿಗಳು ಸಾಕು. ತಿಂಗಳಿಗೊಮ್ಮೆ ಎರಡು ಗಂಟೆ, ಕಚೇರಿಯಲ್ಲಲ್ಲ, ಮನೆಯಲ್ಲಿ. ಬೈಬಲಿನಲ್ಲೇ ಇದಕ್ಕೆ ಮಾದರಿ ಇದೆ: ಎಫೆಸದಲ್ಲಿ ಅಪೊಲ್ಲೋಸನ ಉಪದೇಶದಲ್ಲಿ ಕೊರತೆ ಕಂಡಾಗ ಗುಡಾರದ ಕಸುಬಿನ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಎಲ್ಲರೆದುರು ಅವನನ್ನು ತಿದ್ದಲಿಲ್ಲ. ಬೇರೆಯಾಗಿ ಕರೆದುಕೊಂಡು ಹೋಗಿ ಬಿಡಿಸಿ ಹೇಳಿದರು.

ಈ ತಿಂಗಳ ಭೇಟಿಗಳಲ್ಲಿ ಆಡಿದ ಮಾತು ಸಮಿತಿಗೆ ಮುಟ್ಟಕೂಡದು. ಉತ್ತರ ಕೊಡುವ ಮೊದಲು ಪ್ರಶ್ನೆ ಕೇಳಿ. ಸಂಭಾಷಣೆ ಹೀಗಿರಲಿ:

‘ಅಯ್ಯನವರೇ, ವಾರ್ಡನ್ ನನ್ನ ಮಾತು ಕೇಳ್ತಿಲ್ಲ. ನೀವೊಂದು ಮಾತು ಹೇಳಿ.’

‘ನಾನು ಹೇಳಿದ್ರೆ ಇವತ್ತು ಕೇಳ್ತಾರೆ. ನಾಳೆ ನಿಮ್ಮ ಮಾತು ಇನ್ನೂ ಕೇಳೋದಿಲ್ಲ. ನೀವು ಅವರಿಗೆ ಏನು ಹೇಳಬೇಕು ಅಂತಿದ್ದೀರಿ?’

ಮಕ್ಕಳ ಸುರಕ್ಷತೆ ಅಥವಾ ಹಣದ ದುರುಪಯೋಗದ ವಿಷಯ ಬಂದರೆ ಮಾತ್ರ ಗುಟ್ಟು ಬೇಡ. ಸಮಿತಿಗೂ ಕಾನೂನಿಗೂ ತಿಳಿಯಲೇಬೇಕು.

7. ವರ್ಷಕ್ಕೊಮ್ಮೆ ಪರೀಕ್ಷಿಸಿಕೊಳ್ಳಿ

ಹುದ್ದೆ ಬಿಟ್ಟ ಮೊದಲ ಆರು ತಿಂಗಳು ಕಚೇರಿಗೆ ಕಾಲಿಡಬೇಡಿ. ವರ್ಷ ತುಂಬಿದಾಗ ಇಬ್ಬರೂ ಕೂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಮ್ಮನ್ನು ಕೇಳದೆ ಹೊಸಬರು ತೆಗೆದುಕೊಂಡ ದೊಡ್ಡ ನಿರ್ಧಾರ ಯಾವುದು? ಒಂದೂ ನೆನಪಾಗದಿದ್ದರೆ ನೀವು ಮನೆಯಿಂದಲೇ ಆಡಳಿತ ನಡೆಸುತ್ತಿದ್ದೀರಿ. ನೆನಪಾದ ನಿರ್ಧಾರ ನಿಮಗೆ ಒಪ್ಪಿಗೆಯಾಗದಿದ್ದರೂ ಸಂಸ್ಥೆ ಸರಿಯಾಗಿ ನಡೆಯುತ್ತಿದ್ದರೆ ನಿಮ್ಮ ಹೊಸ ಕೆಲಸ ಚೆನ್ನಾಗಿ ಸಾಗಿದೆ.