ಫ್ಯಾನಿನ ಕೆಳಗೆ ಉಸಿರು ಎಣಿಸುತ್ತ

ರಾಯಚೂರಿನಲ್ಲಿ ಧ್ಯಾನಕ್ಕೆ ಕೂತರೆ ಮೊದಲು ಅನುಭವಕ್ಕೆ ಬರುವುದು ಬೆವರು. ಈ ವಿಷಯದ ಪುಸ್ತಕಗಳ ರಕ್ಷಾಪುಟದ ಮೇಲೆ ಮಂಜು ಮುಸುಕಿದ ಬೆಟ್ಟ, ಕೊಳದ ದಂಡೆ, ಬಿಳಿ ಬಟ್ಟೆ ತೊಟ್ಟ ತೆಳ್ಳನೆಯ ಹೆಂಗಸು ಇರುತ್ತಾರೆ. ನಮ್ಮಲ್ಲಿ ಏಪ್ರಿಲ್ ಹೊತ್ತಿಗೆ ಬಿಸಿಲು 42 ಡಿಗ್ರಿ ದಾಟುತ್ತದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಏಪ್ರಿಲ್, ಮೇ ಎರಡು ತಿಂಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಇಂಥ ಊರಿನಲ್ಲಿ, ಸ್ಟೇಷನ್ ರಸ್ತೆಯ ಹಿಂದಿನ ಒಂದು ಬಾಡಿಗೆ ಮನೆಯಲ್ಲಿ, ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಲಿತದ್ದು ನನ್ನ ಧ್ಯಾನ. ಕರೆಂಟ್ ಹೋದರೆ ಕುರ್ಚಿ ಅಂಗಳಕ್ಕೆ.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಶಾಲೆ ದೇವದುರ್ಗ ತಾಲೂಕಿನಲ್ಲಿ, ತವರು ಮಾನ್ವಿಯಲ್ಲಿ, ಸಂಸಾರ ರಾಯಚೂರಿನಲ್ಲಿ. ವಾರದ ದಿನಗಳು ಗಬ್ಬೂರಿನ ಮೇಲೆ ಹೋಗುವ ದೇವದುರ್ಗದ ಬಸ್ಸಿನಲ್ಲಿ, ರಜೆಗಳು ನೀರಮಾನ್ವಿ ದಾಟುವ ಮಾನ್ವಿ ಬಸ್ಸಿನಲ್ಲಿ ಕಳೆಯುತ್ತವೆ. ನಲವತ್ತು ದಾಟಿದ ಮೇಲೆ ನಿದ್ದೆ ಕೈಕೊಟ್ಟಿತು. ನಡುರಾತ್ರಿ ಎಚ್ಚರವಾದರೆ ಮತ್ತೆ ಕಣ್ಣು ಹತ್ತುತ್ತಿರಲಿಲ್ಲ. ಬಿಪಿ ನೋಡಿದ ಡಾಕ್ಟರು, "ಗುಳಿಗಿ ಈಗ ಬ್ಯಾಡ, ಟೆನ್ಶನ್ ಕಮ್ಮಿ ಮಾಡ್ಕೋರಿ" ಅಂದರು. ಈ ಮಾತನ್ನು ಅಂಗಡಿಯವನಿಂದ ಹಿಡಿದು ಹೆಡ್‌ಮಾಸ್ಟರ ತನಕ ಎಲ್ಲರೂ ಹೇಳುತ್ತಾರೆ. ಹೇಗೆ ಎಂದು ಕೇಳಿದರೆ ಕೈ ಮೇಲೆತ್ತಿ ಆಕಾಶ ತೋರಿಸುತ್ತಾರೆ.

ನನಗೆ ಆಕಾಶ ಬೇಕಿರಲಿಲ್ಲ. ದೇವರ ಮೇಲೆ ಸಿಟ್ಟೇನೂ ಇಲ್ಲ. ನಾನು ಬೆಳೆದ ನಾಡಿನಲ್ಲಿ ಹಾಗೆ ಸಿಟ್ಟಾಗಿ ಬದುಕುವುದೂ ಕಷ್ಟ. ವಿಜಯದಾಸರು ಹುಟ್ಟಿದ ಚೀಕಲಪರವಿ ಮಾನ್ವಿ ತಾಲೂಕಿನದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲೂಕಿನದು. ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರೆಂದೇ ಮಾನ್ವಿ ಹೆಸರಾಗಿದೆ. ನಮ್ಮ ಅವ್ವನ ಬಾಯಲ್ಲಿ ದಾಸರ ಪದವೂ ಉಂಟು, ತತ್ವಪದವೂ ಉಂಟು. ರೊಟ್ಟಿ ಬಡಿಯುವ ಸಪ್ಪಳವೇ ಅವಕ್ಕೆ ತಾಳ. ಆ ಭಾಗ್ಯ ಅವ್ವನದು. ನಂಬಿಕೆಯನ್ನು ನಿದ್ದೆಗುಳಿಗೆಯ ಹಾಗೆ ಬಳಸುವುದು ನನಗೆ ಅವ್ವನಿಗೂ ದಾಸರಿಗೂ ಮಾಡುವ ಅವಮಾನ ಅನ್ನಿಸಿತು. ಏನನ್ನೂ ನಂಬದೆ ಸುಮ್ಮನೆ ಕೂರಲು ಬರುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆಯಾಗಿತ್ತು.

ಉತ್ತರ ಸಿಕ್ಕಿದ್ದು ನಮ್ಮ ಓಣಿಯ ಒಬ್ಬ ನಿವೃತ್ತ ಅಂಚೆ ನೌಕರರಿಂದ. ಕಾರ್ಮಿಕ ಸಂಘದಲ್ಲಿ ಬಾವುಟ ಹಿಡಿದವರು, ದೇವಸ್ಥಾನಕ್ಕೆ ಹೋಗದವರು. ಎಂಬತ್ತರ ದಶಕದಲ್ಲಿ ಯಾರೋ ಗೆಳೆಯ ಹೇಳಿದನೆಂದು ಹೈದರಾಬಾದಿನ ಧಮ್ಮಖೇತ್ತ ಕೇಂದ್ರಕ್ಕೆ ಹೋಗಿ ಹತ್ತು ದಿನ ಬಾಯಿ ಮುಚ್ಚಿಕೊಂಡು ಕೂತು ಬಂದವರು. ಅದು ಎಸ್.ಎನ್. ಗೋಯೆಂಕಾ ಅವರ ವಿಪಶ್ಯನ ಪರಂಪರೆಯ ಕೇಂದ್ರ. ಶುಲ್ಕವಿಲ್ಲ, ಹಳೆಯ ಶಿಬಿರಾರ್ಥಿಗಳ ದೇಣಿಗೆಯಿಂದ ನಡೆಯುತ್ತದೆ; ಮೊದಲ ಮೂರು ದಿನ ಉಸಿರು ನೋಡುವುದು ಬಿಟ್ಟರೆ ಬೇರೆ ಪಾಠವಿಲ್ಲ. ಗೋಯೆಂಕಾ ಬರ್ಮಾದ ಮಂಡಾಲೆಯಲ್ಲಿ 1924ರಲ್ಲಿ ಹುಟ್ಟಿದ ವ್ಯಾಪಾರಿ. ತಾಳಲಾರದ ಮೈಗ್ರೇನ್ ತಲೆನೋವಿಗೆ ಪರಿಹಾರ ಹುಡುಕುತ್ತ 1955ರಲ್ಲಿ ಸಯಾಜಿ ಊ ಬಾ ಖಿನ್ ಅವರ ಬಳಿ ಹೋದರು. ಊ ಬಾ ಖಿನ್ ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಬರಿಯ ತಲೆನೋವಿಗೆಂದು ಬಂದರೆ ಕಲಿಸುವುದಿಲ್ಲ ಎಂದು ಮೊದಲು ವಾಪಸು ಕಳಿಸಿದರಂತೆ. ಲೆಕ್ಕಪತ್ರದ ಮನುಷ್ಯನೊಬ್ಬ ವ್ಯಾಪಾರಿಗೆ ಕಲಿಸಿದ್ದು, ಅಲ್ಲಿಂದ 1969ರಲ್ಲಿ ಭಾರತಕ್ಕೆ ಬಂದು ಅಂಚೆಯವರ ತನಕ ಇಳಿದದ್ದು ನನಗೆ ಹಿಡಿಸಿತು. ಈ ಮೂವರಲ್ಲಿ ಕಾವಿ ಬಟ್ಟೆ ತೊಟ್ಟವರು ಯಾರೂ ಇಲ್ಲ. ಆದರೂ ಅಲ್ಲಿ ಪಾಲಿ ಭಾಷೆಯ ಪಠಣ ಇದೆ, ಪುನರ್ಜನ್ಮದ ಮಾತು ಬರುತ್ತದೆ. "ಅದು ಬ್ಯಾಡಂದ್ರ ಬಿಡ್ರಿ, ಉಸುರಿಗೇನು ಜಾತಿ ಅದ?" ಅಂದರು ಅಂಚೆಯವರು.

ಅವರು ಕೊಟ್ಟ ಪಾಠ ಐದು ನಿಮಿಷದಲ್ಲಿ ಮುಗಿಯಿತು. ಮಂಡಿ ನೋವಿದ್ದರೆ ಕುರ್ಚಿ ಮೇಲೆ ಕೂರು, ಪದ್ಮಾಸನದ ಚಂದ ಬೇಡ. ಬೆನ್ನು ನೆಟ್ಟಗಿರಲಿ, ಬಿಗಿಯುವುದು ಬೇಡ. ಉಸಿರನ್ನು ಎಳೆಯಬೇಡ, ತಡೆಯಬೇಡ. ಅದು ಪ್ರಾಣಾಯಾಮ, ಬೇರೆ ವಿದ್ಯೆ. ತಾನಾಗಿ ಬರುವ ಉಸಿರು ಮೂಗಿನ ಹೊಳ್ಳೆಗೆ ತಾಗುವ ಜಾಗ ಗಮನಿಸು. ಬಿಟ್ಟಾಗೊಮ್ಮೆ ಒಂದು ಅಂತ ಎಣಿಸು, ಹತ್ತಾದ ಮೇಲೆ ಮತ್ತೆ ಒಂದು. ಎಣಿಕೆ ತಪ್ಪಿದರೆ ಒಂದರಿಂದ ಶುರು ಮಾಡು. ಎಣಿಸುವುದು ಗೋಯೆಂಕಾ ಪಾಠದಲ್ಲಿಲ್ಲ, ಅಂಚೆಯವರು ಬೇರೆಲ್ಲೋ ಕಲಿತು ಸೇರಿಸಿಕೊಂಡದ್ದು. ಮಡಿವಂತರು ಒಪ್ಪಲಿಕ್ಕಿಲ್ಲ, ಹೊಸಬರಿಗೆ ಅದೇ ಊರುಗೋಲು.

ವಿರಾಮದಲ್ಲಿರುವ ದೊಡ್ಡವರು ನಿಮಿಷಕ್ಕೆ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾರೆ ಎಂದು ಒಂಬತ್ತನೇ ತರಗತಿಗೆ ನಾನೇ ಹೇಳುತ್ತೇನೆ. ಅಂದರೆ ಹತ್ತರ ಎಣಿಕೆ ಒಂದು ನಿಮಿಷದ ಕೆಲಸವೂ ಅಲ್ಲ. ಆ ಒಂದು ನಿಮಿಷ ನನ್ನಿಂದ ಆಗುತ್ತಿರಲಿಲ್ಲ. ಮೂರಕ್ಕೆ ಬರುವಷ್ಟರಲ್ಲಿ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್, ಗ್ಯಾಸ್ ಸಿಲಿಂಡರು, ನಾದಿನಿ ಹೋದ ವರ್ಷ ಆಡಿದ ಮಾತು. ಕೆಲವೊಮ್ಮೆ ಎಣಿಕೆ ಹದಿನೇಳಕ್ಕೆ ಹೋಗಿರುತ್ತಿತ್ತು. ಬಾಯಿ ಎಣಿಸುತ್ತಿದೆ, ಮನಸ್ಸು ಗಂಜ್‌ನಲ್ಲಿ ಈರುಳ್ಳಿ ಆರಿಸುತ್ತಿದೆ. ಹೊರಗೆ ಮಸೀದಿಯ ಆಜಾನ್, ಅದು ಮುಗಿಯುವುದರೊಳಗೆ ಗುಡಿಯ ಮೈಕು, ಹಿಂದೆಯೇ ಕಸದ ಗಾಡಿಯ ಹಾಡು. ಮುಂಬೈ–ಚೆನ್ನೈ ಮಾರ್ಗದ ಗೂಡ್ಸ್ ಗಾಡಿ ಹೋದರಂತೂ ಕಿಟಕಿಯ ಸರಳೂ ಎಣಿಸತೊಡಗುತ್ತದೆ.

ದೂರಿದಾಗ ಅಂಚೆಯವರು ನಾಟಿ ಗದ್ದೆಯ ಮಾತು ತೆಗೆದರು. ಕೆಸರಿಗೆ ಊರಿದ ಭತ್ತದ ಸಸಿ ಕೆಲವು ಮೇಲೆ ತೇಲಿ ಬರುತ್ತವೆ. ಮರುದಿನ ಹೆಣ್ಣಾಳು ಬದುವಿನಲ್ಲಿ ನಡೆದು ಬಂದು, ತೇಲಿದ್ದನ್ನು ಹೆಕ್ಕಿ, ಬಗ್ಗಿ, ಹೆಬ್ಬೆರಳಿಂದ ಒತ್ತಿ ಮತ್ತೆ ಊರುತ್ತಾಳೆ. ಸಸಿಗೆ ಬಯ್ಯುವುದಿಲ್ಲ, ಬಯ್ದರೆ ಕೂಲಿ ಹೆಚ್ಚು ಸಿಗುವುದಿಲ್ಲ. "ನಿಮ್ಮ ಕೆಲಸ ಒತ್ತೋದು, ಅಷ್ಟ" ಅಂದರು. ಮಾನ್ವಿಯ ಕಾಲುವೆ ನೀರು ಕುಡಿದು ಬೆಳೆದವಳಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ. ಎಣಿಕೆ ತಪ್ಪುವುದು ಅಡ್ಡಿ ಎಂದು ತಿಳಿದಿದ್ದೆ. ತಪ್ಪಿತೆಂದು ಗೊತ್ತಾಗಿ ಒಂದಕ್ಕೆ ಮರಳುವ ಆ ಗಳಿಗೆಯೇ ಇಡೀ ಅಭ್ಯಾಸವೆಂದು ಗೊತ್ತಾದ ಮೇಲೆ ಗದ್ದಲದ ಮೇಲಿನ ಸಿಟ್ಟು ಅರ್ಧಕ್ಕೆ ಇಳಿಯಿತು. ಗೂಡ್ಸ್ ಗಾಡಿ ಎಷ್ಟು ಸಲ ಎಣಿಕೆ ಕೆಡಿಸಿದರೆ ಅಷ್ಟು ಸಲ ಮರಳಲು ಸಿಗುತ್ತದಲ್ಲ!

ವಿಜ್ಞಾನದ ಚಟ ಬಿಡಲಿಲ್ಲ. ಮಣಿಕಟ್ಟಿನ ನಾಡಿ ಹಿಡಿದು ನೋಡಿದೆ. ಉಸಿರು ಎಳೆದುಕೊಂಡಾಗ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ವೇಗಸ್ ನರ ಮಾಡುವ ಕೆಲಸ ಅದು. ಬಿಡುವ ಉಸಿರು ಉದ್ದವಾದಷ್ಟೂ ಹೃದಯಕ್ಕೆ ಲಗಾಮು ಬೀಳುತ್ತದೆ. ಹಾಗಾಗಿ ಕೂತ ಸ್ವಲ್ಪ ಹೊತ್ತಿಗೆ ಮೈ ಹಗುರಾದರೆ ಅದರಲ್ಲಿ ಕುಂಡಲಿನಿಯ ಹುಡುಕಾಟ ಬೇಡ. ಕಾಲು ಜೋಮು ಹಿಡಿಯುವುದಕ್ಕೂ ನರದ ಮೇಲಿನ ಒತ್ತಡ ಸಾಕಾದಷ್ಟು ಕಾರಣ. ಒಮ್ಮೆ ಮುಚ್ಚಿದ ಕಣ್ಣೊಳಗೆ ನೀಲಿ ಬೆಳಕು ಕಂಡಿತೆಂದು ಸಂಭ್ರಮದಿಂದ ಹೇಳಿದರೆ ಅಂಚೆಯವರು ಚಹಾ ಕುಡಿಯುವುದನ್ನೂ ನಿಲ್ಲಿಸಲಿಲ್ಲ.

ರಾತ್ರಿಯ ಪಾಠ ಬೇರೆ ಕಡೆಯಿಂದ ಬಂತು. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ನರಳುವವರಿಗಾಗಿ ಬೌದ್ಧ ಅಭ್ಯಾಸಗಳಿಂದ ಧರ್ಮದ ಭಾಗ ಕಳಚಿ ಒಂದು ತರಬೇತಿ ಕಟ್ಟಿದರು. ಅದರಲ್ಲೊಂದು, ಅಂಗಾತ ಮಲಗಿ ಕಾಲ ಬೆರಳಿನಿಂದ ನೆತ್ತಿಯವರೆಗೆ ಮೈಯ ಒಂದೊಂದು ಭಾಗಕ್ಕೂ ಗಮನ ಒಯ್ಯುವುದು. ನಾನದನ್ನು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಸೊಳ್ಳೆಪರದೆಯೊಳಗೆ ಮಾಡಿದೆ. ಮೊಣಕಾಲು ದಾಟುವುದರೊಳಗೆ ನಿದ್ದೆ. ಶಾಸ್ತ್ರದ ಪ್ರಕಾರ ಎಚ್ಚರ ಇರಬೇಕಂತೆ. ನಿದ್ದೆಗಾಗಿ ಅಲೆದವಳಿಗೆ ಈ ಶಾಸ್ತ್ರಭಂಗದ ಬಗ್ಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ.

ಹಗಲಿನ ಅಭ್ಯಾಸಕ್ಕೆ ಬಸ್ಸೇ ವಾಸಿ. ಕಣ್ಣು ತೆರೆದೇ ಇರುತ್ತದೆ, ಬ್ಯಾಗು ತೊಡೆಯ ಮೇಲಿರುತ್ತದೆ. ಗಮನ ಪಾದಗಳು ಬಸ್ಸಿನ ನೆಲಕ್ಕೆ ತಾಗುವ ಕಡೆ. ರಸ್ತೆಯ ಪ್ರತಿ ತಗ್ಗೂ ಅಂಗಾಲಿಗೆ ಗೊತ್ತಾಗುತ್ತದೆ. ಗಬ್ಬೂರಿನ ಹಳೆಯ ಗುಡಿಗಳ ಕಲ್ಲು ಕಿಟಕಿಯಲ್ಲಿ ಸರಿಯುತ್ತದೆ, ಹತ್ತಿ ಬಿಡಿಸಲು ಹೊರಟ ಹೆಂಗಸರು ಹತ್ತುತ್ತಾರೆ, ಕಂಡಕ್ಟರ್ ಉಚಿತ ಟಿಕೆಟ್ಟಿಗೆ ಆಧಾರ್ ಕಾರ್ಡು ಕೇಳುತ್ತಾನೆ. ಯಾರಿಗೂ ನಾನು ಧ್ಯಾನದಲ್ಲಿದ್ದೇನೆಂದು ತಿಳಿಯುವುದಿಲ್ಲ. ಜನರ ಕಣ್ಣಿಗೆ ಬಿದ್ದರೆ ಅಭ್ಯಾಸಕ್ಕೆ ಅರ್ಧ ಅಭಿನಯ ಬೆರೆಯುತ್ತದೆ ಎಂಬುದು ನನ್ನ ಅನುಭವ.

ನಮ್ಮ ಜಿಲ್ಲೆಗೆ ಬುದ್ಧನ ಪರಿಚಯ ಹೊಸದಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲಿನ ಬರಹ ಗುರುತಿಸಿದರು. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ ಶಾಸನ ಅದು. ಪಠ್ಯದಲ್ಲಿ ಇಷ್ಟಕ್ಕೇ ನಿಲ್ಲಿಸುತ್ತೇವೆ. ಶಾಸನ ಮುಂದೆ ಹೇಳುವುದು, ಧರ್ಮದ ಗುರಿ ದೊಡ್ಡವರಿಗೆ ಮಾತ್ರ ಎಂದು ಯಾರೂ ತಿಳಿಯಬಾರದು, ಧರ್ಮದಲ್ಲಿ ತೊಡಗಿದ ಸಣ್ಣವನೂ ಮುಟ್ಟಬಲ್ಲ ಎಂದು. ಅಶೋಕ ಹೇಳಿದ್ದು ಧರ್ಮದ ನಡತೆಯ ಬಗ್ಗೆ, ಮೂಗಿನ ತುದಿಯ ಬಗ್ಗೆ ಅಲ್ಲ. ಆದರೂ ಧ್ಯಾನವನ್ನು ಸಾವಿರಾರು ರೂಪಾಯಿಯ ಪ್ಯಾಕೇಜು ಮಾಡಿ ಮಾರುವ ಜಾಹೀರಾತು ಮೊಬೈಲಿನಲ್ಲಿ ಬಂದಾಗಲೆಲ್ಲ ನನಗೆ ಆ ಬಂಡೆ ನೆನಪಾಗುತ್ತದೆ.

ಶಾಲೆಯಲ್ಲಿ ಹತ್ತನೇ ತರಗತಿಯವರೊಂದಿಗೆ ಪಾಠಕ್ಕೆ ಮುಂಚೆ ಎರಡು ನಿಮಿಷ ಕೂರುತ್ತೇನೆ. ಕಣ್ಣು ಮುಚ್ಚಲೇಬೇಕೆಂದಿಲ್ಲ, ಮಂತ್ರವಿಲ್ಲ. ಕೇಳುವ ಸದ್ದುಗಳನ್ನು ಒಳಗೇ ಗುರುತಿಸುವುದು. ಫ್ಯಾನು, ಟ್ರ್ಯಾಕ್ಟರು, ಬಿಸಿಯೂಟದ ಕುಕ್ಕರು. ಎಲ್ಲ ಜಾತಿ ಧರ್ಮದ ಮಕ್ಕಳಿರುವ ಕೋಣೆಯಲ್ಲಿ ಯಾರ ಮನೆಯಿಂದಲೂ ತಕರಾರು ಬಂದಿಲ್ಲ. ಆದರೆ ಹತ್ತಿ ಬಿಡಿಸುವ ಕಾಲಕ್ಕೆ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ, ಅಪ್ಪ-ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋದ ಮಕ್ಕಳು ಪರೀಕ್ಷೆಗೂ ಬರುವುದಿಲ್ಲ. ಆ ಬೆಂಚುಗಳಿಗೆ ನನ್ನ ಎರಡು ನಿಮಿಷ ಏನು ಮಾಡೀತು? ಹೊಟ್ಟೆ ಹಸಿದು ಬಂದ ಹುಡುಗನಿಗೆ ಉಸಿರು ನೋಡು ಅನ್ನುವುದು ಅಣಕ. ಮೊದಲು ಅವನನ್ನು ಬಿಸಿಯೂಟದ ಸಾಲಿಗೆ ಕಳಿಸುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ನಮ್ಮ ತಮ್ಮನ ಹೊಲ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿದೆ. ಅಣೆಕಟ್ಟೆ ತುಂಬಿದ ವರ್ಷವೇ ಅಲ್ಲಿಗೆ ನೀರು ಮುಟ್ಟುವುದು ಕಷ್ಟ. ಸುದ್ದಿ ಕೇಳಿ ನಾನು ಮಾನ್ವಿಗೆ ಹೋದೆ. ಅವನು ಟಿವಿ ಮುಂದಿನಿಂದ ಏಳಲಿಲ್ಲ, ಉಣ್ಣಲಿಲ್ಲ. ನಾನು ಧ್ಯಾನದ ಮಾತೆತ್ತಲಿಲ್ಲ, ಪಕ್ಕದಲ್ಲಿ ಕೂತೆ. ಒಂದು ವಾರದೊಳಗೆ ಎಂಜಿನಿಯರುಗಳು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು, ತಮ್ಮ ಮಲಗಿದ. ಅವನ ನಿದ್ದೆಗೆ ಬೇಕಿದ್ದದ್ದು ಗೇಟು.

ಹಾಗೆಯೇ ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಭಯ ಹೆಚ್ಚುತ್ತದೆ, ಹಳೆಯ ಗಾಯ ಬಾಯಿ ತೆರೆಯುತ್ತದೆ. ಅಂಥವರು ನಿಲ್ಲಿಸಬೇಕು, ಡಾಕ್ಟರ ಬಳಿ ಹೋಗಬೇಕು. ನಮ್ಮ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್ ಸಾಮಾನ್ಯ ವೈದ್ಯರಿಗೆ ಮನೋರೋಗ ಗುರುತಿಸುವ ತರಬೇತಿ ಕೊಟ್ಟು, ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ನಮ್ಮ ಶಿಕ್ಷಕರ ಕೋಣೆಯ ಗೋಡೆಗೆ ಆ ಸಂಖ್ಯೆ ಅಂಟಿಸಿದ್ದೇನೆ. ಧ್ಯಾನದ ಬಗ್ಗೆ ಏನನ್ನೂ ಅಂಟಿಸಿಲ್ಲ.

ಹಾಗಾದರೆ ನನಗೆ ದಕ್ಕಿದ್ದೇನು? ನಿದ್ದೆ ಹೆಚ್ಚಿನ ರಾತ್ರಿ ಬರುತ್ತದೆ. ಸಿಟ್ಟು ಬರುವುದಕ್ಕೆ ಮುಂಚೆ ದವಡೆ ಬಿಗಿಯುವುದು ಗೊತ್ತಾಗುತ್ತದೆ. ಕೆಲವೊಮ್ಮೆ ಅಷ್ಟರಲ್ಲಿ ನಾಲಿಗೆಯನ್ನು ಹಿಡಿಯಲು ಸಾಧ್ಯ, ಎಷ್ಟೋ ಸಲ ಇಲ್ಲ. ಅಂಚೆಯವರಂತೂ ಇಷ್ಟು ವರ್ಷದ ಸಾಧನೆಯ ನಂತರವೂ ತರಕಾರಿಯವಳೊಂದಿಗೆ ಓಣಿಗೆಲ್ಲ ಕೇಳುವಂತೆ ಜಗಳಾಡುತ್ತಾರೆ. ಅವರು ಹಾಗಿರುವುದರಿಂದಲೇ ನನಗೆ ಅವರ ವಿದ್ಯೆಯ ಮೇಲೆ ಭರವಸೆ ಬಂತು. ಬದುಕು ಬದಲಾಗುತ್ತದೆಂದು ಆಸೆ ತೋರಿಸಿದ್ದರೆ ಬದಲಾಗದ ಮೊದಲ ವಾರಕ್ಕೇ ಕುರ್ಚಿ ಮಡಚಿ ಇಡುತ್ತಿದ್ದೆ.

ಕಳೆದ ರಜೆಯಲ್ಲಿ ಮಾನ್ವಿಯ ಪಡಸಾಲೆಯಲ್ಲಿ ಕೂತಿದ್ದಾಗ ಅವ್ವ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಯಾವ ದೇವ್ರನ್ನ ನೆನಸ್ತೀ?"

"ಯಾರ್ನೂ ಇಲ್ಲವ್ವ."

"ಮತ್ತ ಏನು ಮಾಡ್ತೀ?"

"ಉಸುರು ಎಣಸ್ತೀನಿ."

"ಒಲಿ ಮ್ಯಾಲ ಹಾಲು ಉಕ್ಕಿದ್ರ ಎದ್ದು ಬರ್ತೀಯೋ, ಹಂಗ ಕುಂತಿರ್ತೀಯೋ?"

"ಬರ್ತೀನಿ."

"ಹಂಗಾರ ಕುಂದ್ರು" ಅಂದು ಒಳಗೆ ಹೋದಳು.