ಗಾಯ ಮಾಯುವ ತನಕ



ಈ ಪಾಠ ನಮ್ಮ ಊರಿನದು. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದ್ದು. ಇದರಲ್ಲಿ ಬರುವ ಅಕ್ಕ ನಮ್ಮ ಕಲಿಕಾ ಕೇಂದ್ರಕ್ಕೆ ಬರುತ್ತಾರೆ. "ನನ್ನ ಕಥಿ ಬರೀರಿ ಅಕ್ಕೋರ, ನಾಕು ಮಂದಿಗಿ ಗೊತ್ತಾಗಲಿ. ಹೆಸರು ಮಾತ್ರ ಬ್ಯಾಡ್ರಿ" ಎಂದು ಹೇಳಿದ್ದಾರೆ. ಅದಕ್ಕೆ ನಾವು ಇಲ್ಲಿ ಅವರನ್ನು ಅಕ್ಕ ಎಂದೇ ಕರೆಯುತ್ತೇವೆ.

2024ರ ಜನವರಿ. ತೊಗರಿ ರಾಶಿಯ ಕಾಲ. ಅಕ್ಕ ದಿನಕ್ಕೆ 300 ರೂಪಾಯಿ ಕೂಲಿಗೆ ಒಬ್ಬರ ಹೊಲಕ್ಕೆ ಹೋಗಿದ್ದರು. ರಾಶಿ ಮಷಿನ್ ನಡೆದಿತ್ತು. ತೊಗರಿ ಕಟ್ಟನ್ನು ಬಾಯಿಗೆ ದೂಡುವಾಗ ಕಡ್ಡಿಯೊಂದು ಬಳೆಗೆ ಸಿಕ್ಕಿತು. ಕಡ್ಡಿಯ ಜೊತೆ ಕೈಯೂ ಒಳಗೆ ಹೋಯಿತು. ಮಷಿನ್ ನಿಲ್ಲಿಸುವುದರೊಳಗೆ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಹೋಗಿದ್ದವು. ಮಣಿಕಟ್ಟಿನ ಎಲುಬೂ ಮುರಿದಿತ್ತು.

ಅಕ್ಕ ಆಗಷ್ಟೇ ತಮ್ಮ ಹೆಸರು ಬರೆಯಲು ಕಲಿತಿದ್ದರು. ಬರೆಯುವ ಕೈ ಅದೇ. ಅದಕ್ಕೂ ಮೊದಲು ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ಒತ್ತುತ್ತಿದ್ದ ಹೆಬ್ಬೆಟ್ಟೂ ಅದೇ ಕೈಯದು.

ದವಾಖಾನಿಯ ಚೀಟಿ

ಕೈಗೆ ಸೀರೆ ಸುತ್ತಿ ಜೀಪಿನಲ್ಲಿ ದವಾಖಾನಿಗೆ ಒಯ್ದರು. ಹೊಲದ ಮಾಲಕರ ಕಡೆಯ ಒಬ್ಬರೂ ಜೊತೆಗೆ ಬಂದರು. ದಾರಿಯಲ್ಲೇ ಅವರು ಅಕ್ಕನ ಗಂಡನಿಗೆ ಹೇಳಿದರು: "ಮಷಿನ್ ಅಂತ ಹೇಳಬ್ಯಾಡ್ರಿ. ಪೊಲೀಸ್ ಕೇಸ್ ಆಗ್ತದ. ಬಿದ್ದು ಕೈ ಮುರೀತು ಅಂತ ಬರಸ್ರಿ. ಖರ್ಚು ನಾವ್ ನೋಡ್ಕೋತೀವಿ."

ಗಂಡ ಗಾಬರಿಯಲ್ಲಿದ್ದರು. ಹೂಂ ಅಂದರು. ಮೊದಲು ಹೋದ ದವಾಖಾನಿಯ ಚೀಟಿಯಲ್ಲಿ "ಬಿದ್ದು ಪೆಟ್ಟು" ಎಂದೇ ಬರೆದುಕೊಂಡರು.

ಮರುದಿನ ಕಲಬುರಗಿಯ ಜಿಮ್ಸ್ ಆಸ್ಪತ್ರೆಗೆ ಕಳಿಸಿದರು. ನಾವು ನೋಡಲು ಹೋದೆವು. ಚೀಟಿ ಓದಿದೆವು. ಓದಿ ನಮಗೆ ಎದೆ ಧಸಕ್ಕೆಂದಿತು. ಬಿದ್ದವಳಿಗೆ ಕಾನೂನು ಒಂದು ದಾರಿ ತೋರಿಸುತ್ತದೆ, ಕೆಲಸದಲ್ಲಿ ಕೈ ಕಳಕೊಂಡವಳಿಗೆ ಬೇರೆ ದಾರಿ. ಒಂದು ಸಾಲು ತಪ್ಪಿದರೆ ದಾರಿಯೇ ತಪ್ಪುತ್ತದೆ.

ಗಂಡನನ್ನು ಕೂಡಿಸಿಕೊಂಡು ಮಾತಾಡಿದೆವು. ಅವರು ವಾರ್ಡಿನ ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳಿದರು. ಡಾಕ್ಟರು ಬೈಯಲಿಲ್ಲ. "ರಾಶಿ ಮಷಿನ್‌ನಲ್ಲಿ ಕೈ ಸಿಕ್ಕು ಗಾಯ" ಎಂದು ಬರೆದುಕೊಂಡರು. ಇಂಥ ಗಾಯವನ್ನು ಎಂ.ಎಲ್.ಸಿ. ಎಂದು ಬರೆದು ಪೊಲೀಸರಿಗೆ ತಿಳಿಸುತ್ತಾರೆ. ಅದರ ನಂಬರನ್ನು ನಾವು ಪಾಟಿಯ ಹಿಂದೆ ಬರೆದಿಟ್ಟೆವು. ಅಂದು ಹೊಲದಲ್ಲಿದ್ದ ಇಬ್ಬರು ಹೆಣ್ಣುಮಕ್ಕಳೂ ತಾವು ಕಂಡದ್ದನ್ನು ಹೇಳಿದರು. ಅವರಿಗೂ ಅದೇ ಹೊಲದಲ್ಲಿ ನಾಳೆ ಕೂಲಿ ಬೇಕಿತ್ತು. ಆದರೂ ಹೇಳಿದರು.

ಶಸ್ತ್ರಚಿಕಿತ್ಸೆಗೆ ಹಣ ಬೀಳಲಿಲ್ಲ. ಬಿ.ಪಿ.ಎಲ್. ಕಾರ್ಡು ಇದ್ದ ಕುಟುಂಬಕ್ಕೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಇದೆ. ಹೊರಗೆ ತಂದ ಔಷಧಿ, ಜೀಪಿನ ಬಾಡಿಗೆ ಮಾತ್ರ ಕೈಯಿಂದ ಹೋಯಿತು. ಆ ಬಿಲ್ಲುಗಳನ್ನೆಲ್ಲ ಅಕ್ಕನ ಮಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೂಟಕ್ಕೆ ನೇತುಹಾಕಿದಳು.

ಹೆಬ್ಬೆರಳಿಗೆ 30

ಅಕ್ಕ ಮನೆಗೆ ಬಂದ ಮೇಲೆ ಮಾಲಕರ ಕಡೆಯವರು 5,000 ರೂಪಾಯಿ ತಂದರು. ಜೊತೆಗೆ ಒಂದು ಕಾಗದ. "ಇದಕ್ಕ ಸಹಿ ಹಾಕ್ರಿ, ಮುಂದ ಏನೂ ಕೇಳಂಗಿಲ್ಲ ಅಂತ." ಮನೆಯಲ್ಲಿ ಹಿಟ್ಟು ಇರಲಿಲ್ಲ. ಗಂಡ ಸಹಿ ಹಾಕಿದರು. ಅಕ್ಕ ಎಡಗೈ ಹೆಬ್ಬೆಟ್ಟು ಒತ್ತಿದರು.

ಆಮೇಲೆ ಅಕ್ಕ ಅಳುತ್ತ ಕೇಂದ್ರಕ್ಕೆ ಬಂದರು. "ಓದದೆ ಒತ್ತಿಬಿಟ್ಟೆ ಅಕ್ಕೋರ. ಎಲ್ಲಾ ಮುಗೀತು."

ಮುಗಿದಿರಲಿಲ್ಲ. 1923ರಲ್ಲಿ ಆದ ನೌಕರರ ಪರಿಹಾರ ಕಾನೂನು ಇದೆ. ಕೆಲಸದಲ್ಲಿ ಪೆಟ್ಟಾದರೆ ಕೆಲಸ ಕೊಟ್ಟವರು ಪರಿಹಾರ ಕೊಡಬೇಕು ಎಂದು ಅದು ಹೇಳುತ್ತದೆ. ಕರೆಂಟು ಅಥವಾ ಯಂತ್ರದಿಂದ ನಡೆಯುವ ಸಾಧನದಲ್ಲಿ ಹೊಲದ ಕೆಲಸ ಮಾಡುವವರೂ ಅದರಲ್ಲಿ ಸೇರಿದ್ದಾರೆ. ದಿನಗೂಲಿ ಎಂದು ಯಾರೂ ತಳ್ಳುವಂತಿಲ್ಲ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕಾಗದ ಆ ಕಾನೂನಿನ ಮುಂದೆ ನಡೆಯುವುದಿಲ್ಲ. ರಾಶಿ ಮಷಿನ್‌ಗಳಿಗೆಂದೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾನೂನೂ ಆಗಿದೆ. ನಮ್ಮ ತೊಗರಿ ಸೀಮೆಯಲ್ಲಿ ಅದರ ಹೆಸರು ಕೇಳಿದವರು ಎಷ್ಟು ಮಂದಿ ಇದ್ದಾರೋ!

1923ರ ಕಾನೂನಿನಲ್ಲಿ ಒಂದು ಪಟ್ಟಿ ಇದೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಯಾವ ಬೆರಳು ಹೋದರೆ ದುಡಿಯುವ ಶಕ್ತಿ ನೂರಕ್ಕೆ ಎಷ್ಟು ಹೋಯಿತು ಎಂದು ಬರೆದಿದ್ದಾರೆ. ತೋರುಬೆರಳು ಪೂರ್ತಿ ಹೋದರೆ 14. ನಡುಬೆರಳಿಗೆ 12. ಹೆಬ್ಬೆರಳಿಗೆ 30.

"ಹೆಬ್ಬೆಟ್ಟಿಗಿ ಮೂವತ್ತೇನ್ರಿ?" ಎಂದು ಅಕ್ಕ ಕೇಳಿದರು. "ಹಂಗಾರ ನಮ್ಮನ್ನ ಹೆಬ್ಬೆಟ್ಟು ಹೆಬ್ಬೆಟ್ಟು ಅಂತ ಹಗುರ ಮಾಡ್ತಿದ್ರಲ್ರಿ!" ಎಲ್ಲರೂ ನಕ್ಕರು. ಅಕ್ಕನೂ ನಕ್ಕರು. ಗಾಯವಾದ ಮೇಲೆ ಅವರು ನಕ್ಕದ್ದು ಅವತ್ತೇ.

ಬರ್ರಿ, ಕೂತು ಲೆಕ್ಕ ಮಾಡೋಣ. ಪಾಟಿ ತೆಗೆಯಿರಿ.

ಅಕ್ಕನ ವಯಸ್ಸು 35. ಕೂಲಿ ದಿನಕ್ಕೆ 300. ತಿಂಗಳಲ್ಲಿ 20 ದಿನ ಕೆಲಸ ಎಂದು ಹಿಡಿಯೋಣ. ತಿಂಗಳಿಗೆ 6,000 ಆಯಿತು. ಅದರಲ್ಲಿ ನೂರಕ್ಕೆ 60 ಎಂದರೆ 3,600. 35 ವರ್ಷದವರಿಗೆ ಕಾನೂನಿನ ಪಟ್ಟಿಯಲ್ಲಿ 197.06 ಎಂಬ ಅಂಕಿ ಇದೆ. ವಯಸ್ಸು ಏರಿದಂತೆ ಈ ಅಂಕಿ ಇಳಿಯುತ್ತದೆ. 3,600ನ್ನು ಇದರಿಂದ ಗುಣಿಸಿದರೆ 7,09,416. ಅದರಲ್ಲಿ ಹೆಬ್ಬೆರಳು ಒಂದಕ್ಕೇ ನೂರಕ್ಕೆ 30 ಹಿಡಿದರೆ 2,12,824 ರೂಪಾಯಿ ಆಗುತ್ತದೆ. ತೋರುಬೆರಳು, ಮಣಿಕಟ್ಟು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕೊನೆಯ ಲೆಕ್ಕ ತೀರ್ಪು ಕೊಡುವವರದು. ಆದರೆ ಮನೆಗೆ ಬಂದದ್ದು 5,000.

ಇನ್ನೂ ಒಂದು ಇದೆ. ಗಾಯ ಮಾಯದೆ ಮನೆಯಲ್ಲಿ ಕೂತ ದಿನಗಳಿಗೂ ಆ ಕಾನೂನು ಅರ್ಧ ತಿಂಗಳಿಗೊಮ್ಮೆ ತಿಂಗಳ ಕೂಲಿಯ ಕಾಲು ಭಾಗ ಕೊಡಿಸುತ್ತದೆ. 6,000ಕ್ಕೆ ಕಾಲು ಭಾಗ 1,500. ಔಷಧಿಗೆ ಆದ ಖರ್ಚನ್ನೂ ಕೇಳಬಹುದು. ಗೂಟದ ಮೇಲಿನ ಆ ಪ್ಲಾಸ್ಟಿಕ್ ಚೀಲ ಈಗ ನೆನಪಿಗೆ ಬಂತೇ?

ಅಕ್ಕನಿಗೆ ಗಾಯವಾದದ್ದು 2024ರಲ್ಲಿ. ಆ ಕಾನೂನಿನಲ್ಲಿ ಅರ್ಜಿ ಹಾಕಲು ಎರಡು ವರ್ಷ ಅವಕಾಶ ಇತ್ತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾನೂನು ಜಾರಿಗೆ ಬಂದು, ಈ ಪರಿಹಾರದ ವಿಷಯ ಅದರೊಳಗೆ ಸೇರಿದೆ. ಈಗ ಗಾಯವಾದವರು ತಡ ಮಾಡದೆ ಕೇಳಬೇಕು. ಯಾರನ್ನು ಕೇಳುವುದು? ಆಳಂದದ ಕೋರ್ಟಿನಲ್ಲಿ ತಾಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಬಿಟ್ಟಿ ಸಿಗುತ್ತಾರೆ. ವರಮಾನ ಎಷ್ಟು ಎಂದು ನೋಡುವುದಿಲ್ಲ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ನಡುವಿನ ತಿಂಗಳು

ಅಂಗವಿಕಲರ ಪಗಾರ ಬೇಗ ಬರುತ್ತದೆ ಎಂದು ಓಣಿಯವರು ಹೇಳಿದ್ದರು. ಬರಲಿಲ್ಲ. ಯಾಕೆ ಎಂದು ನಮಗೂ ಮೊದಲು ತಿಳಿಯಲಿಲ್ಲ.

ಗಾಯ ಹಸಿ ಇರುವಾಗ ಡಾಕ್ಟರು ಅಂಗವಿಕಲತೆಯ ಪ್ರಮಾಣ ಬರೆಯುವುದಿಲ್ಲ. ಚಿಕಿತ್ಸೆ ಮುಗಿಯಬೇಕು. ಕೈ ಎಷ್ಟು ಆಡುತ್ತದೆ, ಎಷ್ಟು ಆಡುವುದಿಲ್ಲ ಎಂದು ಆಮೇಲೆ ನೋಡುತ್ತಾರೆ. ಅಲ್ಲಿಯ ತನಕ ಕೂಲಿಯೂ ಇಲ್ಲ, ಪಗಾರವೂ ಇಲ್ಲ. ಈ ನಡುವಿನ ತಿಂಗಳುಗಳೇ ಮನೆ ಮುರಿಯುವುದು. ಅಕ್ಕ ಕಿವಿಯ ಬೆಂಡೋಲೆ ಅಡವಿಟ್ಟರು. ಸ್ವಸಹಾಯ ಸಂಘದವರು ಕಂತು ಮುಂದಕ್ಕೆ ಹಾಕಿದರು. ಅದು ದೊಡ್ಡ ಉಪಕಾರ ಆಯಿತು.

ಬ್ಯಾಂಕಿನ ವಿಮೆಯನ್ನೂ ವಿಚಾರಿಸಿದೆವು. ವರ್ಷಕ್ಕೆ 20 ರೂಪಾಯಿ ಕಡಿಯುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ. ಒಂದು ಕೈ ಪೂರ್ತಿ ಕೆಲಸಕ್ಕೆ ಬಾರದೆ ಹೋದರೆ 1 ಲಕ್ಷ. ಎರಡು ಬೆರಳಿಗೆ ಅದು ಸಿಗುವುದಿಲ್ಲ. ಅಷ್ಟೇ.

ಜುಲೈನಲ್ಲಿ ಅಕ್ಕ ಪಂಚಾಯತಿಗೆ ಹೋಗಿ ಉದ್ಯೋಗ ಖಾತರಿಯಲ್ಲಿ ಹಗುರ ಕೆಲಸ ಕೇಳಿದರು. ಓಣಿಯಲ್ಲಿ ಮಾತು ಶುರುವಾಯಿತು. "ಒಂದ್ ಕಡಿ ಕೈ ಇಲ್ಲ ಅಂತ ಪಗಾರ ಕೇಳ್ತಾಳ, ಒಂದ್ ಕಡಿ ಕೆಲಸಾ ಕೇಳ್ತಾಳ. ಯಾವ್ದು ಖರೆ?"

ಎರಡೂ ಖರೆ. ಪಗಾರ ಕೊಡುವವರು ನೋಡುವುದು ಅಂಗವಿಕಲತೆ ಎಷ್ಟು, ಮನೆಯ ವರಮಾನ ಎಷ್ಟು ಎಂದು. ಕೆಲಸ ಮಾಡುವೆ ಎಂದ ಮಾತ್ರಕ್ಕೆ ಕೈಗೆ ಬೆರಳು ಬರುವುದಿಲ್ಲ. ಎರಡೂ ಅರ್ಜಿಯಲ್ಲಿ ಇದ್ದದ್ದೇ ಬರೆಯಬೇಕು: ಭಾರ ಎತ್ತಲಾರೆ, ನೀರು ಕೊಡಬಲ್ಲೆ, ಕೂಸು ನೋಡಿಕೊಳ್ಳಬಲ್ಲೆ.

2005ರ ಉದ್ಯೋಗ ಖಾತರಿ ಕಾನೂನಿನ ಪ್ರಕಾರ ಅರ್ಜಿ ಕೊಟ್ಟ 15 ದಿನದೊಳಗೆ ಕೆಲಸ ಕೊಡಬೇಕಿತ್ತು. ಕೊಡದಿದ್ದರೆ ನಿರುದ್ಯೋಗ ಭತ್ಯೆ. ಮೊದಲ 30 ದಿನ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲೆ ಅರ್ಧಕ್ಕೆ ಕಡಿಮೆ ಇಲ್ಲದಂತೆ. ಕೆಲಸದ ಜಾಗದಲ್ಲೇ ಗಾಯವಾಗಿ ಆಸ್ಪತ್ರೆ ಸೇರಿದರೆ ಚಿಕಿತ್ಸೆ ಬಿಟ್ಟಿ, ದಿನಕ್ಕೆ ಅರ್ಧ ಕೂಲಿಯೂ ಇತ್ತು. 2025ರ ಡಿಸೆಂಬರಿನಲ್ಲಿ ಸಂಸತ್ತು ಇದರ ಬದಲಿಗೆ ವರ್ಷಕ್ಕೆ 125 ದಿನದ ಹೊಸ ಕಾನೂನು ಮಾಡಿದೆ. ಈಗ ಯಾವ ನಿಯಮ ನಡೆದಿದೆ ಎಂದು ಪಂಚಾಯತಿಯಲ್ಲಿ ಕೇಳಿಕೊಳ್ಳಿರಿ. ಭತ್ಯೆಯ ದಿನ ಎಣಿಸುವುದು ಅರ್ಜಿಯ ದಿನದಿಂದ. ಅದಕ್ಕೇ ಅಕ್ಕ ತಾರೀಖು ಬರೆದ ರಸೀದಿ ಕೈಗೆ ಬರುವ ತನಕ ಕಟ್ಟೆ ಬಿಟ್ಟು ಏಳಲಿಲ್ಲ. ಹನ್ನೆರಡನೇ ದಿನ ಕೆಲಸ ಬಂತು. ಕೆರೆಯ ಹೂಳು ತೆಗೆಯುವವರಿಗೆ ನೀರು ಕೊಡುವ ಕೆಲಸ.

40ರ ಗೆರೆ

ಪ್ರತಿ ಗ್ರಾಮ ಪಂಚಾಯತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಎಂದು ಒಬ್ಬರು ಇರುತ್ತಾರೆ. ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ಅವರೂ ಅಂಗವಿಕಲರೇ. ಅವರು ಅಕ್ಕನ ಆಧಾರ್, ಫೋಟೋ ತೆಗೆದುಕೊಂಡು ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಿದರು. ಸೆಪ್ಟೆಂಬರಿನಲ್ಲಿ ಕಲಬುರಗಿಯಲ್ಲಿ ಡಾಕ್ಟರು ಕೈ ಪರೀಕ್ಷೆ ಮಾಡಿ ನೂರಕ್ಕೆ 45 ಎಂದು ಬರೆದರು.

ಈ 45 ಬೇರೆ, ಮೇಲೆ ಓದಿದ 30 ಬೇರೆ. ಅದು ಪರಿಹಾರದ ಪಟ್ಟಿ, ಇದು ಡಾಕ್ಟರ ಅಳತೆ. ಎರಡನ್ನೂ ಕಲಸಬೇಡಿರಿ. ನಾವೇ ಒಮ್ಮೆ ಕಲಸಿ ತಪ್ಪು ಹೇಳಿದ್ದೆವು.

2016ರ ಅಂಗವಿಕಲರ ಹಕ್ಕುಗಳ ಕಾನೂನು 21 ತರಹದ ಅಂಗವಿಕಲತೆಗಳನ್ನು ಹೆಸರಿಸಿದೆ. ಸವಲತ್ತಿಗೆ 40ರ ಗೆರೆ ಹಾಕಿದೆ. ಮಾಸಾಶನಕ್ಕೂ ಅದೇ ಗೆರೆ. ಗೆರೆಗಿಂತ ಕೆಳಗಿದ್ದರೆ ಕಾರ್ಡು ಬರುತ್ತದೆ, ಪಗಾರ ಬರುವುದಿಲ್ಲ. 40ರಿಂದ 75ರ ತನಕ ಇದ್ದವರ ಮಾಸಾಶನವನ್ನು 2021ರಲ್ಲಿ ಕರ್ನಾಟಕ ಸರಕಾರ 600ರಿಂದ 800 ರೂಪಾಯಿಗೆ ಏರಿಸಿತು. ತಿಂಗಳಿಗೆ 800. ಒಂದು ಕೈಯ ಬೆಲೆ ಇಷ್ಟೇನೇ ಎಂದು ನಮಗೆ ಅನಿಸುತ್ತದೆ. ಆದರೂ ಅದು ಅಕ್ಕನ ಹೆಸರಿಗೇ ಬರುವ ಹಣ.

ಅರ್ಜಿ ಕೊಡುವುದು ನಾಡ ಕಚೇರಿಯಲ್ಲಿ. ತಲಾಟಿ ಬಂದು ವಿಚಾರಣೆ ಮಾಡುತ್ತಾರೆ, ತಹಸೀಲ್ದಾರರು ಮಂಜೂರು ಮಾಡುತ್ತಾರೆ. ಅರ್ಜಿ ಕೊಟ್ಟಾಗ ಸಕಾಲ ನಂಬರಿನ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ಗೊತ್ತುಪಡಿಸಿದ ದಿನ ಮೀರಿದರೆ ಸಕಾಲ ಕಾನೂನಿನಲ್ಲಿ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ತನಕ ಕೇಳುವ ಹಕ್ಕು ನಮಗೆ ಇದೆ.

ಅಕ್ಕನ ಅರ್ಜಿ ಒಂದು ಕಚೇರಿಯಿಂದ ಒಮ್ಮೆ ಹಿಂದಕ್ಕೆ ಬಂತು. ಆಧಾರ್‌ನಲ್ಲಿ ಗಂಡನ ಹೆಸರು ಜೊತೆಗಿತ್ತು, ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು. ಇಬ್ಬರು ಬೇರೆ ಬೇರೆ ಹೆಂಗಸರು ಎಂದುಕೊಂಡರು! ತಿದ್ದಿಸಲು ಎರಡು ತಿಂಗಳು ಹೋಯಿತು. ಬಲಗೈ ಹೆಬ್ಬೆಟ್ಟು ಇಲ್ಲದ್ದಕ್ಕೆ ಮಷಿನ್ ಒಪ್ಪುವುದಿಲ್ಲವೇನೋ ಎಂಬ ಚಿಂತೆಯೂ ಇತ್ತು. ಆಧಾರ್‌ಗೆ ಉಳಿದ ಬೆರಳೂ ನಡೆಯುತ್ತದೆ, ಕಣ್ಣೂ ನಡೆಯುತ್ತದೆ.

2025ರ ಫೆಬ್ರವರಿಯಿಂದ ಪಗಾರ ಬರುತ್ತಿದೆ. ಪರಿಹಾರದ ಕೇಸು ಇನ್ನೂ ನಡೆದಿದೆ. ತಾರೀಖಿನ ದಿನ ಅಕ್ಕ, ಸಾಕ್ಷಿ ಹೇಳಿದ ಆ ಇಬ್ಬರು ಹೆಣ್ಣುಮಕ್ಕಳು ಮೂವರೂ ಒಂದೇ ಬಸ್ಸಿಗೆ ಹೋಗುತ್ತಾರೆ.

ಪಂಚಾಯತಿಗೆ ಅಕ್ಕ ಬರೆದ ಅರ್ಜಿ ಇದು. ಆರು ತಿಂಗಳು ಎಡಗೈಯಲ್ಲಿ ತಿದ್ದಿ ಬರೆದದ್ದು. ಅಕ್ಷರ ಸೊಟ್ಟ ಇದ್ದವು. ನಾವು ಒಂದನ್ನೂ ತಿದ್ದಲಿಲ್ಲ.

"ಅಧ್ಯಕ್ಷರಿಗೆ ಮತ್ತು ಪಿ.ಡಿ.ಒ. ಅವರಿಗೆ ನಮಸ್ಕಾರ. ನನ್ನ ಬಲಗೈಯ ಎರಡು ಬೆರಳು ರಾಶಿ ಮಷಿನ್‌ನಲ್ಲಿ ಹೋಗಿವೆ. ಭಾರ ಎತ್ತಲು ಆಗುವುದಿಲ್ಲ. ನೀರು ಕೊಡುವ ಕೆಲಸ, ಕೂಸು ನೋಡುವ ಕೆಲಸ ಮಾಡುತ್ತೇನೆ. ನನಗೆ ಕೆಲಸ ಕೊಡಬೇಕು. ಈ ಅರ್ಜಿ ಮುಟ್ಟಿದ್ದಕ್ಕೆ ತಾರೀಖು ಹಾಕಿ ರಸೀದಿ ಕೊಡಬೇಕು. ಸಹಿ."

ನೀವು ಮಾಡಿರಿ

ನಿಮ್ಮ ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಮೂರನ್ನೂ ಎದುರಿಗೆ ಇಟ್ಟುಕೊಳ್ಳಿರಿ. ನಿಮ್ಮ ಹೆಸರನ್ನು ಮೂರರಲ್ಲೂ ಓದಿರಿ. ಎಲ್ಲಿ ಒಂದು ಅಕ್ಷರ ಬೇರೆ ಇದೆಯೋ ಅಲ್ಲಿ ಪೆನ್ಸಿಲಿನಿಂದ ನಿಮ್ಮ ಪಾಟಿಯಲ್ಲಿ ಬರೆದುಕೊಂಡು ನಾಳೆ ಕೇಂದ್ರಕ್ಕೆ ತನ್ನಿರಿ.